ಯಂತ್ರ ಬಂದರೆ ಹಣ ಹೋದೀತೆ?

ಲಾಳಿ ತಾನಾಗಿಯೇ ನೇಯುವಂತಿದ್ದರೆ ಯಜಮಾನನಿಗೆ ಆಳುಗಳೇ ಬೇಕಾಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಆಡಿದ್ದ. ಇದೀಗ ರೋಬೋಟ್ ಮತ್ತು ಕೃತಕ ಬುದ್ಧಿಮತ್ತೆಯ ಕಾಲ. ಎಲ್ಲ ಕೆಲಸವನ್ನೂ ಯಂತ್ರಗಳೇ ಮಾಡಿದರೆ ಸರಕು ಧಾರಾಳವಾಗುತ್ತದೆ, ಆಗ ಹಣಕ್ಕಾಗಲಿ ಸಿರಿವಂತಿಕೆಗಾಗಲಿ ಅರ್ಥವೇ ಉಳಿಯುವುದಿಲ್ಲ ಎಂದು ವಾದಿಸುವವರಿದ್ದಾರೆ. ಕಪಿಲೆ ಮತ್ತು ಕಾವೇರಿಯ ನೀರುಂಡ ನಂಜನಗೂಡು, ತಿ.ನರಸೀಪುರ ಸೀಮೆಯ ಅನುಭವ ಮಾತ್ರ ಬೇರೆಯೇ ಕಥೆ ಹೇಳುತ್ತದೆ.

ಹಣವಿಲ್ಲದ ವ್ಯವಹಾರ ಇಲ್ಲಿಗೆ ಹೊಸದಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆಯದ ಪದ್ಧತಿಯಿತ್ತು. ನೇಗಿಲು ಮಾಡುವ ಬಡಗಿ, ಕುಳ ಬಡಿಯುವ ಕಮ್ಮಾರ, ಬಟ್ಟೆ ಒಗೆಯುವ ಅಗಸ, ಗದ್ದೆಗೆ ನೀರು ಹಾಯಿಸುವ ನೀರುಗಂಟಿ, ಊರು ಕಾಯುವ ತೋಟಿ, ತಳವಾರರು ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣದ ರಾಶಿಯಿಂದ ತಮ್ಮ ಪಾಲಿನ ಧಾನ್ಯ ಪಡೆಯುತ್ತಿದ್ದರು. ಅಲ್ಲಿ ಕಾಸಿಗೆ ಹೆಚ್ಚಿನ ಕೆಲಸವಿರಲಿಲ್ಲ. ಹಾಗೆಂದು ಬಡವ ಬಲ್ಲಿದರ ಭೇದ ಅಳಿದಿತ್ತೇ? ಭೂಮಿ ಯಾರದೋ ರಾಶಿಯೂ ಅವರದೇ. ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಜಾತಿಯೇ ಗೊತ್ತುಮಾಡುತ್ತಿತ್ತು. ಹಣವಿಲ್ಲದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆನಂತರ ಯಂತ್ರ ಬಂತು. ಒನಕೆಯಿಂದ ಭತ್ತ ಕುಟ್ಟುತ್ತಿದ್ದ ಹೆಂಗಸರಿಗೆ ಅಕ್ಕಿಯೋ ನುಚ್ಚೋ ಕೂಲಿಯಾಗಿ ಸಿಗುತ್ತಿತ್ತು. ರೈಸ್‌ಮಿಲ್ಲು ಬಂದು ಅವರ ತೋಳಿನ ನೋವು ತಪ್ಪಿತು. ಜೊತೆಗೆ ಆ ಕೂಲಿಯೂ ತಪ್ಪಿತು. ಈಚಿನ ವರ್ಷಗಳಲ್ಲಿ ಗದ್ದೆಗಿಳಿದಿರುವ ಭತ್ತ ಕೊಯ್ಯುವ ಯಂತ್ರಕ್ಕೆ ಧಾನ್ಯ ಅಳೆದು ಕೊಟ್ಟರೆ ನಡೆಯದು. ಡೀಸೆಲ್ಲಿಗೂ ಸಾಲದ ಕಂತಿಗೂ ರೊಕ್ಕವೇ ಆಗಬೇಕು. ಅಂದರೆ ಯಂತ್ರವು ಹಣವನ್ನು ಓಡಿಸುವ ಬದಲು, ಹಣವಿಲ್ಲದೆ ನಡೆಯುತ್ತಿದ್ದ ಕಡೆಗೂ ಅದನ್ನು ಕರೆತಂದಿದೆ.

ಅರಿಸ್ಟಾಟಲ್ ಹೇಳಿದ ಲಾಳಿಯೂ ನಮ್ಮಲ್ಲಿಗೆ ಬಂದು ಶತಮಾನ ಕಳೆದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗಗಳು ಬಂದವು. ಈಗ ಅದನ್ನು ನಡೆಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ತಿ.ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಸುತ್ತದೆ. ಮಗ್ಗ ಎಷ್ಟೇ ವೇಗವಾಗಿ ಓಡಲಿ, ಹಿಪ್ಪುನೇರಳೆಗೆ ಭೂಮಿ ಬೇಕು, ನೀರು ಬೇಕು. ಹುಳು ಸುಮಾರು ನಾಲ್ಕು ವಾರ ಸೊಪ್ಪು ತಿಂದೇ ಗೂಡು ಕಟ್ಟಬೇಕು. ಕೈಕೆಲಸ ಅಗ್ಗವಾದರೂ ಮಿತವಾದ ವಸ್ತುವಿನ ಬೆಲೆ ಇಳಿಯದು.

ಈ ಮಿತಿಯನ್ನು ಇಡೀ ರಾಜ್ಯ 2023ರಲ್ಲಿ ಕಂಡಿತು. ಅನ್ನಭಾಗ್ಯ ಯೋಜನೆಯಡಿ ತಲಾ 5 ಕಿಲೋ ಹೆಚ್ಚುವರಿ ಅಕ್ಕಿ ಕೊಡಲು ಹೊರಟ ಸರ್ಕಾರಕ್ಕೆ ಬೇಕಾದಷ್ಟು ಅಕ್ಕಿ ಸಿಗಲಿಲ್ಲ. ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಬೇಕಾಯಿತು. ಪುಕ್ಕಟೆ ಅಕ್ಕಿಯ ಜಾಗದಲ್ಲಿ ಮತ್ತೆ ಹಣವೇ ಬಂದು ಕುಳಿತಿತು. 2025ರಲ್ಲಿ ಅಕ್ಕಿ ದೊರೆತ ಮೇಲೆ ಹಣ ನಿಂತು ಅಕ್ಕಿ ಬಂತು.

ನೂರು ವರ್ಷಗಳಲ್ಲಿ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಬರೆದಿದ್ದರು. ಆ ಗಡುವು ಹತ್ತಿರವಾದರೂ ಅಂಥ ಬಿಡುವು ಕಾಣುತ್ತಿಲ್ಲ. ಯಂತ್ರಗಳಿಂದ ಬಂದ ಲಾಭದ ಬಹುಪಾಲು ಯಂತ್ರದ ಒಡೆಯರಿಗೇ ಸಂದದ್ದು ಇದಕ್ಕೊಂದು ಕಾರಣ.

ಆಯದ ಪದ್ಧತಿಯ ಅನ್ಯಾಯವನ್ನು ಯಾರೂ ಮರಳಿ ಬಯಸಲಾರರು. ಆದರೆ ಅದರಲ್ಲಿ ತೋಟಿಗೂ ರಾಶಿಯಲ್ಲೊಂದು ಪಾಲು ಎಂಬ ಕಟ್ಟುಪಾಡಿತ್ತು. ನಾಳೆ ದುಡಿಮೆಯೆಲ್ಲ ಯಂತ್ರದ್ದಾದರೆ, ಕೆಲಸ ಕಳೆದುಕೊಂಡವರಿಗೆ ಅದರ ರಾಶಿಯಲ್ಲಿ ಎಷ್ಟು ಪಾಲು ಎಂಬುದನ್ನು ಈಗಲೇ ಕಾನೂನಿನಲ್ಲಿ ಬರೆದಿಡಬೇಕಾದೀತು.