ಮನೆತನದ ಗುಟ್ಟು ಹೊರಬಂದ ಬಗೆ

ಅಮೆರಿಕದ ಜಾನಪದ ಗಾಯಕ ವುಡಿ ಗಥ್ರಿ 1967ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ 55 ವರ್ಷ. ರೋಗ ಶುರುವಾದಾಗ ಅವರ ತೂರಾಟ ಕಂಡವರು ಕುಡಿತದ ಫಲವೆಂದೇ ಭಾವಿಸಿದ್ದರು. ತಾಯಿ 1930ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಕಣ್ಮುಚ್ಚಿದ್ದರು. ಇಬ್ಬರನ್ನೂ ಕಾಡಿದ್ದು ಒಂದೇ ಕಾಯಿಲೆ: ಹಂಟಿಂಗ್ಟನ್.

1872ರಲ್ಲಿ ಇದನ್ನು ಸ್ಪಷ್ಟವಾಗಿ ವರ್ಣಿಸಿದ ಜಾರ್ಜ್ ಹಂಟಿಂಗ್ಟನ್ ಆಗಿನ್ನೂ 22ರ ತರುಣ ವೈದ್ಯ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇಕಡ 50. ಅದು ತಲೆದೋರುವುದು ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನಲ್ಲಿ, ಅಂದರೆ ಮದುವೆಯಾಗಿ ಮಕ್ಕಳಾದ ಮೇಲೆ. ಕೈಕಾಲು ಹಿಡಿತ ತಪ್ಪುತ್ತದೆ, ಬುದ್ಧಿ ಮಸುಕಾಗುತ್ತದೆ. ಹೀಗಾಗಿ ಮನೆತನಗಳು ಅದನ್ನು ಮುಚ್ಚಿಟ್ಟವು. ಹೆಣ್ಣು ಕೊಡುವ ಮೊದಲು ಹತ್ತು ಕಡೆ ವಿಚಾರಿಸುವ ನಮಗೆ ಈ ಮುಚ್ಚುಮರೆ ಅರ್ಥವಾಗದ್ದೇನಲ್ಲ.

ಆ ಗುಟ್ಟನ್ನು ಒಡೆದವರು ಮಾರ್ಜೊರಿ ಗಥ್ರಿ. ನೃತ್ಯಗಾತಿಯಾದ ಇವರು ವುಡಿಯಿಂದ ವಿಚ್ಛೇದನ ಪಡೆದಿದ್ದರೂ ಕೊನೆತನಕ ಆರೈಕೆ ಮಾಡಿದರು. ಅದೇ 1967ರಲ್ಲಿ ರೋಗದ ವಿರುದ್ಧ ಸಮಿತಿ ಕಟ್ಟಿದರು. ಆರಂಭದಲ್ಲಿ ಬೆರಳೆಣಿಕೆಯ ಕುಟುಂಬಗಳು. ಹತ್ತು ವರ್ಷದಲ್ಲಿ ಮಾರ್ಜೊರಿ ಈ ರೋಗ ಕುರಿತ ಸರ್ಕಾರಿ ಆಯೋಗಕ್ಕೇ ಅಧ್ಯಕ್ಷೆ!

ಲಾಸ್ ಏಂಜಲೀಸಿನ ಮನೋವಿಶ್ಲೇಷಕ ಮಿಲ್ಟನ್ ವೆಕ್ಸ್‌ಲರ್ ಹಿಡಿದ ದಾರಿ ಬೇರೆ. 1968ರಲ್ಲಿ ಮಾಜಿ ಪತ್ನಿಗೆ ರೋಗವಿರುವುದು ತಿಳಿದಾಗ ವಿಜ್ಞಾನಿಗಳನ್ನು ಕಲೆಹಾಕುವ ಪ್ರತಿಷ್ಠಾನ ಆರಂಭಿಸಿದರು. ಮಗಳು ನ್ಯಾನ್ಸಿ ವೆನಿಜುವೆಲಾದ ಮಾರಕೈಬೊ ಸರೋವರದ ದಂಡೆಗೆ ಹೋದರು. ಅಲ್ಲಿನ ಬಡ ಬೆಸ್ತರ ಹಳ್ಳಿಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದಷ್ಟು ರೋಗಿಗಳು. ತನ್ನ ತಾಯಿಗೂ ಇದೇ ರೋಗವೆಂದು ಹೇಳಿಯೇ ನ್ಯಾನ್ಸಿ ಅವರ ವಿಶ್ವಾಸ ಗಳಿಸಿದ್ದು. ವರ್ಷ ವರ್ಷ ಹೋಗಿ 4,000ಕ್ಕೂ ಹೆಚ್ಚು ರಕ್ತದ ಮಾದರಿ ತಂದರು.

ಆ ರಕ್ತದ ನೆರವಿನಿಂದ 1983ರ ನವೆಂಬರಿನಲ್ಲಿ ನಾಲ್ಕನೇ ವರ್ಣತಂತುವಿನಲ್ಲಿ ರೋಗದ ಜಾಡು ಸಿಕ್ಕಿತು. ಮಾರ್ಜೊರಿ ಅದೇ ಮಾರ್ಚಿನಲ್ಲಿ ತೀರಿಕೊಂಡಿದ್ದರು. ಜೀನ್ ಕೈಗೆ ಸಿಕ್ಕಿದ್ದು 1993ರಲ್ಲಿ.

ತೊಡಕು ಶುರುವಾದದ್ದು ಅಲ್ಲೇ. ಪರೀಕ್ಷೆ ಬಂತು, ಗುಣಪಡಿಸುವ ಮದ್ದು ಬರಲಿಲ್ಲ. ರೋಗ ಬರುವುದೇ ಎಂದು ಮೊದಲೇ ತಿಳಿಯುವ ಪರೀಕ್ಷೆಗೆ ಅಪಾಯದ ಅಂಚಿನಲ್ಲಿದ್ದವರಲ್ಲಿ ಬಹುಪಾಲು ಮಂದಿ ಹೋಗಲೇ ಇಲ್ಲ. ಕುಟುಂಬಗಳ ಸಂಘಟನೆಗಳು ಅವರನ್ನು ಒತ್ತಾಯಿಸದೆ, ತಿಳಿಯದಿರುವುದೂ ಒಂದು ಹಕ್ಕೆಂದು ಒಪ್ಪಿದವು. ಇದು ಸಣ್ಣ ಮಾತಲ್ಲ.

2017ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಇಂಥ ಕುಟುಂಬಗಳನ್ನು ಭೇಟಿಯಾದರು. ವೆನಿಜುವೆಲಾದವರೂ ಅಲ್ಲಿದ್ದರು. ತಾಯಿಯ ರೋಗ ತನಗೂ ಬಂದಿದೆ ಎಂದು ನ್ಯಾನ್ಸಿ ವೆಕ್ಸ್‌ಲರ್ ಬಹಿರಂಗವಾಗಿ ಹೇಳಿದ್ದು 2020ರಲ್ಲಿ.