ಲೋಕಲ್ ರೈಲಿನ ಊರಲ್ಲಿ ಮೊದಲ ಬೈಕು

ಮುಂಬೈಯಲ್ಲಿ ಮೊದಲ ಬೈಕು ಕೊಳ್ಳಲು ಹೊರಟವನಿಗೆ ಮನೆಯಲ್ಲಿ ಎದುರಾಗುತ್ತಿದ್ದ ಪ್ರಶ್ನೆ ‘ಎಷ್ಟು?’ ಎಂಬುದಕ್ಕಿಂತ ಮೊದಲು ‘ಯಾಕೆ?’ ಎಂಬುದು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹೀಗೆ ಕೇಳುವವರು ಕಡಿಮೆ. ಅಲ್ಲಿ ಕೆಲಸಕ್ಕೆ ಹೋಗಿ ಬರಲು ಒಂದು ಗಾಡಿ ಬೇಕು. ಮುಂಬೈಯಲ್ಲಿ ಆ ಕೆಲಸವನ್ನು ಲೋಕಲ್ ರೈಲು ಮಾಡಿಕೊಡುತ್ತಿತ್ತು. ಬೊರಿವಲಿಯಿಂದ ಚರ್ಚ್‌ಗೇಟಿಗೆ 34 ಕಿಲೋಮೀಟರ್. ಫಾಸ್ಟ್ ಲೋಕಲ್ ಸಿಕ್ಕಿದರೆ ಒಂದು ಗಂಟೆಯೊಳಗೆ ಆಫೀಸು. ತಿಂಗಳ ಪಾಸಿನ ದುಡ್ಡು ಬೈಕಿನ ವಾರದ ಪೆಟ್ರೋಲಿಗೂ ಸಾಲದು. ಆದರೂ ಜನ ಬೈಕು ಕೊಂಡರು, ಹೊಟ್ಟೆಬಟ್ಟೆ ಕಟ್ಟಿ ಕೊಂಡರು. ಈ ಊರಿಗೆ ಬೈಕು ಬಂದದ್ದು ಹೊಟ್ಟೆಪಾಡಿಗಲ್ಲ. ಭಾನುವಾರಕ್ಕೆ, ಊರಿನ ದಾರಿಗೆ, ಒಬ್ಬರನ್ನು ಹಿಂದೆ ಕೂರಿಸಿಕೊಂಡು ಮನೆಯವರ ಕಣ್ಣಿಂದ ದೂರ ಹೋಗುವುದಕ್ಕೆ ಬಂತು.

ಸ್ವಾತಂತ್ರ್ಯಕ್ಕೆ ಮುಂಚೆ ಅದು ದೊರೆಗಳ, ಶ್ರೀಮಂತ ಮನೆತನಗಳ, ಪೊಲೀಸ್ ಸಾರ್ಜೆಂಟರ ಸೊತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಕೈಬಿಟ್ಟ ಬಿಎಸ್‌ಎ, ನಾರ್ಟನ್, ಮ್ಯಾಚ್‌ಲೆಸ್ ಗಾಡಿಗಳು ಹರಾಜಿಗೆ ಬಂದು, ಖಾಕಿ ಬಣ್ಣದ ಮೇಲೆ ಕಪ್ಪು ಬಣ್ಣ ಬಳಿದುಕೊಂಡು ನಾಗರಿಕರ ಕೈ ಸೇರಿದವು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿ ಬುಲೆಟ್ ಗಾಡಿಗಳು ಹೊರಬರತೊಡಗಿದವು. ಗಡಿ ಕಾಯುವ ಸೈನ್ಯಕ್ಕೆಂದು ತರಿಸಿದ ಆ ಬೈಕು ಸೈನ್ಯದ ಗತ್ತನ್ನು ಕಳಚಿಕೊಳ್ಳಲೇ ಇಲ್ಲ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಂಪಿಯರ್ ಮುಳ್ಳು ನೋಡಿ, ಡಿಕಂಪ್ರೆಸರ್ ಒತ್ತಿ, ಆಮೇಲೆ ಕಿಕ್. ಲೆಕ್ಕ ತಪ್ಪಿದರೆ ಕಿಕ್ಕರ್ ತಿರುಗಿ ಹೊಡೆದು ಮೀನಖಂಡ ಊದುತ್ತಿತ್ತು. ಬುಲೆಟ್ ಕಲಿತವನು ಬೇರೆ ಗಾಡಿ ಹತ್ತಿದರೆ ಬ್ರೇಕು ಹಾಕಬೇಕಾದಲ್ಲಿ ಗೇರು ಹಾಕುತ್ತಿದ್ದ.

ಕನ್ನಡಿಗರಿಗೆ ‘ನಮ್ಮದು’ ಅನ್ನಿಸುವ ಬೈಕು ಮಾತ್ರ ಬೇರೆ. ಜಾವಾ ಎಂದರೆ ಮೈಸೂರು ಎಂದು ನಂಬಿ ಬೆಳೆದ ತಲೆಮಾರಿಗೆ ಆ ಕಾರ್ಖಾನೆಯ ಬೇರು ಮುಂಬೈಯಲ್ಲಿತ್ತು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಮುಂಬೈಯ ಇರಾನಿ ಕುಟುಂಬದ ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ 1950ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದರು. ಆಮದಿಗೆ ಸರ್ಕಾರ ಬಾಗಿಲು ಮುಚ್ಚಿತು. ವ್ಯಾಪಾರ ಉಳಿಯಬೇಕಾದರೆ ಗಾಡಿ ಇಲ್ಲೇ ತಯಾರಾಗಬೇಕು. ಮುಂಬೈಯ ಇರಾನಿಗಳು ಜಾಗ ಹುಡುಕಿಕೊಂಡು ಮೈಸೂರಿಗೆ ಬಂದರು. ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಹೀಗೆ ಚೆಕ್ ದೇಶದ ನಕ್ಷೆ, ಮುಂಬೈಯ ಬಂಡವಾಳ, ಮೈಸೂರಿನ ಕೈಕಸುಬು ಸೇರಿ ಒಂದು ಬೈಕಾಯಿತು. ಮೈಸೂರಿನಲ್ಲಿ ತಯಾರಾದ ಆ ಗಾಡಿ ಮತ್ತೆ ಮುಂಬೈಯ ಷೋರೂಮಿಗೆ ಬಂದು, ಅಲ್ಲಿನ ಕನ್ನಡಿಗನ ಕೈಗೆ ಬಿದ್ದಾಗ ಅವನು ಅದನ್ನು ತವರಿನಿಂದ ಬಂದ ಸಾಮಾನೆಂದೇ ಬರಮಾಡಿಕೊಂಡ.

ಆ ಜಾವಾ ನೋಡಲೂ ಚೆಂದ, ಓಡಿಸಲೂ ವಿಚಿತ್ರ. ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು, ಬಲಕ್ಕೊಂದು ಎಡಕ್ಕೊಂದು. ಕೆಂಪು-ಕಂದು ಬಣ್ಣದ ಟ್ಯಾಂಕು, ಅದರ ಪಕ್ಕಗಳಲ್ಲಿ ಮಂಡಿ ಒತ್ತಿಕೊಳ್ಳಲು ರಬ್ಬರ್ ಪಟ್ಟಿ. ಸ್ಟಾರ್ಟ್ ಮಾಡುವ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರು. ಗೇರ್ ಲಿವರ್ ತುಳಿದರೆ ಕ್ಲಚ್ಚು ತಾನೇ ಬಿಟ್ಟುಕೊಳ್ಳುತ್ತಿತ್ತು. ಇದನ್ನು ಮೊದಲ ಬಾರಿ ನೋಡಿದವರು ಕಿಕ್ಕರ್ ಎಲ್ಲಿ ಎಂದು ಗಾಡಿಯ ಸುತ್ತ ಹುಡುಕುತ್ತಿದ್ದರು. ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಪಂಪಿನ ಹುಡುಗ ಅಳತೆಯ ಡಬ್ಬಿಯಲ್ಲಿ ಎಣ್ಣೆ ಸುರಿಯುವಾಗ ಒಡೆಯ ಬಗ್ಗಿ ನಿಂತು ಕಣ್ಣಿಡುತ್ತಿದ್ದ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಚೆಕ್ ಕಂಪನಿಯ ಪರವಾನಗಿ ಮುಗಿದ ಮೇಲೆ, 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. 1978ರ ರೋಡ್‌ಕಿಂಗ್ ಅದರ ಹೆಸರಾಂತ ಮಾದರಿ.

ಆ ಕಾಲದಲ್ಲಿ ಎರಡು ಚಕ್ರದ ಗಾಡಿ ಎಂದರೆ ಬಹುಪಾಲು ಮಂದಿಗೆ ಸ್ಕೂಟರೇ. ಮುಂಬೈಯ ಭಾಂಡೂಪಿನಲ್ಲೇ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಾರ್ಖಾನೆ 1950ರ ದಶಕದಿಂದ ಲ್ಯಾಂಬ್ರೆಟಾ ಸ್ಕೂಟರುಗಳನ್ನು ತಯಾರಿಸುತ್ತಿತ್ತು. ಪುಣೆ ಹತ್ತಿರದ ಆಕುರ್ಡಿಯಿಂದ ಬಜಾಜ್ ಸ್ಕೂಟರ್ ಬಂತು. ಪಿಯಾಜಿಯೊ ಜೊತೆಗಿನ ಒಪ್ಪಂದ ಮುಗಿದ ಬೆನ್ನಿಗೆ, 1972ರಲ್ಲಿ ಚೇತಕ್ ಬಂತು. ಅದಕ್ಕೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಮಗಳ ಮದುವೆಗೆಂದು ಬುಕ್ ಮಾಡಿದ ಸ್ಕೂಟರ್ ಮೊಮ್ಮಗು ನಡೆಯಲು ಕಲಿತ ಮೇಲೆ ಬಂತು ಎಂದು ಜನ ನಗುತ್ತಿದ್ದರು. ಸರದಿ ಬಂದವನು ಗಾಡಿ ತೆಗೆದುಕೊಂಡ ಮರುದಿನವೇ ಮಾರಿದರೂ ಕೊಂಡ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ವಿದೇಶಿ ಹಣದಲ್ಲಿ ಕಟ್ಟುವವರಿಗೆ ಮಾತ್ರ ಸರದಿಯ ಗೋಜಿಲ್ಲ. ಅಣ್ಣನೋ ಭಾವನೋ ಗಲ್ಫಿನಲ್ಲಿದ್ದ ಕರಾವಳಿಯ ಮನೆಗಳಿಗೆ ಇದು ಬಂದೊದಗಿದ ಭಾಗ್ಯ. ಮೋಟರ್‌ಸೈಕಲಿಗೆ ಇಂಥ ಕಾಯುವಿಕೆ ಅಷ್ಟಿರಲಿಲ್ಲ. ಸ್ಕೂಟರಿನಲ್ಲಿ ಹೆಂಡತಿ, ಮಗು, ತರಕಾರಿ ಚೀಲ ಎಲ್ಲ ಹಿಡಿಸುತ್ತದೆ. ಬೈಕು ಒಂಟಿ ಹುಡುಗರ ಗಾಡಿ ಎಂದು ಸಂಸಾರಸ್ಥರು ತೀರ್ಪು ಕೊಟ್ಟುಬಿಟ್ಟಿದ್ದರು. ಆ ತೀರ್ಪಿನಿಂದ ಬೈಕಿಗೆ ಲಾಭವೇ ಆಯಿತು.

ದುಡ್ಡು ಎಲ್ಲಿಂದ ಬರಬೇಕು? ಇಲ್ಲಿ ಮುಂಬೈ ಕನ್ನಡಿಗರ ಇತಿಹಾಸದ ಒಂದು ಎಳೆ ಸಿಗುತ್ತದೆ. ಉಡುಪಿ, ಮಂಗಳೂರು, ಕುಂದಾಪುರ ಕಡೆಗಳಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಆ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದವರಲ್ಲಿ ಹಲವರು ಬ್ಯಾಂಕು, ಕಂಪನಿಗಳಲ್ಲಿ ಗುಮಾಸ್ತರಾದರು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್, ವಿಜಯ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. ಬ್ಯಾಂಕ್ ನೌಕರನಿಗೆ ವಾಹನ ಸಾಲ ಸಿಗುತ್ತಿತ್ತು. ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೋ, ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೋ ಹೆಲ್ಮೆಟ್ ಇಲ್ಲದೆ, ಕ್ರಾಪು ಕೆದರಿಕೊಂಡು ಬೈಕಿನಲ್ಲಿ ಬಂದಿಳಿಯುತ್ತಿದ್ದ ಯುವಕನ ಹಿಂದೆ ಹೆಚ್ಚಾಗಿ ಇಂಥದೊಂದು ಸಾಲದ ಪತ್ರ ಇರುತ್ತಿತ್ತು.

ಬೈಕು ಮನೆಗೆ ಬಂದ ದಿನ ಬಹಳ ಸಲ ದಸರಾ ಅಥವಾ ಗುಡಿ ಪಾಡ್ವ. ಮರಾಠಿ ಪಂಚಾಂಗಕ್ಕೆ ಇವೆರಡೂ ಮುಹೂರ್ತ ನೋಡಬೇಕಿಲ್ಲದ ದಿನಗಳು, ಕನ್ನಡಿಗರಿಗೆ ಆಯುಧಪೂಜೆಯ ಹಳೆಯ ರೂಢಿ. ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಆಮೇಲೆ ಪ್ರಭಾದೇವಿಯ ಸಿದ್ಧಿವಿನಾಯಕನ ಎದುರು ಒಂದು ಸಲ ನಿಲ್ಲಿಸಿ ಕೈಮುಗಿಯುವುದು. ಆದರೆ ಚಾಳಿನಲ್ಲಿ ಗಾಡಿ ನಿಲ್ಲಿಸುವುದೆಲ್ಲಿ? ಗಿರ್ಗಾಂವ್, ಲಾಲ್‌ಬಾಗ್ ಚಾಳುಗಳ ಅಂಗಳ ಮಕ್ಕಳ ಕ್ರಿಕೆಟ್ಟಿಗೆ, ಗಣಪತಿ ಮಂಟಪಕ್ಕೆ, ನೀರಿನ ಡ್ರಮ್ಮುಗಳಿಗೆ ಮೀಸಲು. ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗಿನ ಸಂದು ಸಿಕ್ಕಿದವನೇ ಪುಣ್ಯವಂತ. ಭಾನುವಾರ ಬೆಳಿಗ್ಗೆ ಬೈಕು ತೊಳೆಯಲು ಒಂದು ಬಕೆಟ್ ನೀರು ಖರ್ಚು ಮಾಡಿದರೆ ಮೂರು ಮಹಡಿಗಳಿಂದ ಮಾತು ಕೇಳಬೇಕಾಗುತ್ತಿತ್ತು.

ಕಡಲ ಗಾಳಿ ಇನ್ನೊಬ್ಬ ವೈರಿ. ಕ್ರೋಮಿನ ಮೇಲೆ ಮೊದಲು ಚುಕ್ಕೆ, ಮರುವರ್ಷ ತುಕ್ಕು. ಸೈಲೆನ್ಸರಿಗೆ ತೆಂಗಿನೆಣ್ಣೆ ಸವರುವವರೂ ಇದ್ದರು. ಜೂನ್ ಬಂತೆಂದರೆ ಪ್ಲಗ್ಗು ಬಿಚ್ಚುವ ಸ್ಪ್ಯಾನರ್, ಒಂದು ತುಂಡು ಮರಳುಕಾಗದ ಜೇಬಿನಲ್ಲೇ. ದಾದರ್ ಹಿಂದ್‌ಮಾತಾದಲ್ಲಿ ನಿಂತ ಮಳೆನೀರಿನಲ್ಲಿ ಎಂಜಿನ್ನು ಕೆಮ್ಮಿ ನಿಂತರೆ, ಪಕ್ಕಕ್ಕೆ ತಳ್ಳಿ, ಪಾಯಿಂಟ್ ಒರೆಸಿ, ಪ್ಲಗ್ಗು ಒಣಗಿಸಿ, ಮತ್ತೆ ಕಿಕ್. ಬಿಡಿಭಾಗಕ್ಕೆ ಚೋರ್ ಬಜಾರ್, ಕುರ್ಲಾದ ಗುಜರಿ ಅಂಗಡಿಗಳು. ಅಲ್ಲಿ ಬೆಲೆ ಕೇಳುವ ಮುನ್ನ ಸಾಮಾನನ್ನು ಕೈಯಲ್ಲಿ ತೂಗಿ, ನಿರಾಸಕ್ತಿ ನಟಿಸಲು ಬರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ಯಾವ ವಿದ್ಯೆಯೂ ಕೆಲಸಕ್ಕೆ ಬರಲಿಲ್ಲ. ಉಪನಗರಗಳ ಬೈಕುಗಳು ಸೀಟಿನ ಮಟ್ಟ ಮುಳುಗಿ, ವಾರಗಟ್ಟಲೆ ಗ್ಯಾರೇಜುಗಳ ಮುಂದೆ ಸಾಲುಗಟ್ಟಿ ನಿಂತವು.

ಹಿಂದಿನ ಸೀಟಿನ ಕಥೆ ಹೇಳದಿದ್ದರೆ ಮುಂಬೈ ಬೈಕಿನ ಇತಿಹಾಸ ಅರ್ಧವೇ. ಇಬ್ಬರು ಕೂತು ಹೋಗುವುದನ್ನು ಈ ಊರು ‘ಡಬಲ್ ಸೀಟ್’ ಎನ್ನುತ್ತದೆ; ಮೂರನೆಯವನು ಹತ್ತಿದರೆ ‘ಟ್ರಿಪಲ್ ಸೀಟ್’, ಅದು ಹವಾಲ್ದಾರನ ಪಾಲು. ಹತ್ತು ಅಡಿ, ಹನ್ನೆರಡು ಅಡಿಯ ಒಂದೇ ಖೋಲಿಯಲ್ಲಿ ಅಪ್ಪ-ಅಮ್ಮ, ತಮ್ಮ-ತಂಗಿ, ಊರಿಂದ ಬಂದ ನೆಂಟರು ಎಲ್ಲ ಮಲಗುತ್ತಿದ್ದ ಕಾಲ. ಹೊಸದಾಗಿ ಮದುವೆಯಾದವರಿಗೆ ಕೂಡ ಒಂಟಿಯಾಗಿ ಮಾತಾಡಲು ಜಾಗವಿರಲಿಲ್ಲ. ವರ್ಲಿ ಸೀಫೇಸ್, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್, ಮರೀನ್ ಡ್ರೈವ್‌ಗಳಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿದ ಬೈಕಿನ ಸೀಟೇ ಅವರ ಖಾಸಗಿ ಕೋಣೆ. 1973ರಲ್ಲಿ ಬಂದ ರಾಜ್ ಕಪೂರರ ‘ಬಾಬಿ’ಯಲ್ಲಿ ರಿಷಿ ಕಪೂರ್ ಓಡಿಸಿದ ಪುಟ್ಟ ರಾಜ್‌ದೂತ್ ಜಿಟಿಎಸ್ ಆ ಗಾಡಿಗೇ ‘ಬಾಬಿ’ ಎಂಬ ಅಡ್ಡಹೆಸರು ತಂದಿತು. ಎರಡು ವರ್ಷದ ನಂತರ ‘ಶೋಲೆ’ಯ ಸೈಡ್‌ಕಾರ್ ಜೋಡಿಸಿದ ಬಿಎಸ್‌ಎ ಬಂತು. ಮುಂಬೈಯವರು ಕನಸು ಕಂಡ ಆ ಸವಾರಿ ನಡೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಸಿನಿಮಾದ ಬೈಕಿನಲ್ಲಿ ಪೆಟ್ರೋಲ್ ಮುಗಿಯುವುದಿಲ್ಲ ಎಂಬುದನ್ನು ಬಿಟ್ಟರೆ ಎಲ್ಲವೂ ನಂಬುವಂತಿತ್ತು.

ಇನ್ನು ಊರಿನ ದಾರಿ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅಲ್ಲಿಯ ತನಕ ಮುಂಬೈ–ಮಂಗಳೂರು ಎಂದರೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಧೈರ್ಯವಿದ್ದವರು ಬೈಕಿನಲ್ಲೇ ಹೊರಟರು: ಪನ್ವೇಲ್, ಮಹಾಡ್, ಕಶೇಡಿ ಘಾಟಿ, ಚಿಪಳೂಣ, ಸಾವಂತವಾಡಿ, ಗೋವಾ, ಕಾರವಾರ. ಆಗಿನ ರಾಷ್ಟ್ರೀಯ ಹೆದ್ದಾರಿ 17, ಈಗಿನ 66. ಹೆದ್ದಾರಿ ಎಂಬುದು ಫಲಕದ ಮೇಲಿನ ಮಾತು. ಉದ್ದಕ್ಕೂ ಎರಡು ಲಾರಿ ಎದುರಾದರೆ ಬೈಕು ಮಣ್ಣಿಗಿಳಿಯಬೇಕು. ಒಂದು ಮುಷ್ಟಿ ಪ್ಲಗ್ಗುಗಳು, ಒಂದು ಕ್ಲಚ್ ಕೇಬಲ್, ಟ್ಯೂಬು, ಎಣ್ಣೆಯ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದವರಿಗೆ ಕಾರವಾರದಲ್ಲಿ ಕನ್ನಡದ ಬೋರ್ಡು ಕಂಡಾಗ ಊರು ಮುಟ್ಟಿದಷ್ಟೇ ಸಮಾಧಾನ, ಇನ್ನೂ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದಾರಿ ಉಳಿದಿದ್ದರೂ. ಅಷ್ಟು ಸಾಹಸ ಬೇಡವೆಂದವರು ರೈಲ್ವೆ ಪಾರ್ಸೆಲ್ ಆಫೀಸಿಗೆ ಹೋಗಿ, ಟ್ಯಾಂಕಿನ ಪೆಟ್ರೋಲ್ ಬಸಿದು, ಗೋಣಿತಾಟು ಸುತ್ತಿಸಿ, ಊರಿಗೆ ರವಾನಿಸುತ್ತಿದ್ದರು. ಮುಂಬೈಯಲ್ಲಿ ಜಿನೆಯ ಕೆಳಗೆ ಬಿದ್ದಿದ್ದ ಗಾಡಿಗೆ ಊರಿನಲ್ಲಿ ಸಿಗುತ್ತಿದ್ದ ಮರ್ಯಾದೆಯೇ ಬೇರೆ. ‘ಬೊಂಬಾಯಿಯ ಬೈಕು’ ಎಂದು ನೋಡಲು ಕಟ್ಟೆಯ ಮೇಲೆ ಜನ ಸೇರುತ್ತಿದ್ದರು.

1980ರ ದಶಕದ ನಡುವೆ ಜಪಾನ್ ಬಂತು. ವಿದೇಶಿ ಕಂಪನಿಗಳ ಜೊತೆ ಸೇರಿ ಸಣ್ಣ ಬೈಕು ತಯಾರಿಸಲು ಸರ್ಕಾರ ಅನುಮತಿ ಕೊಟ್ಟದ್ದೇ ತಡ, ಹೊಸೂರಿನಿಂದ ಸುಜುಕಿ, ಧಾರೂಹೇಡಾದಿಂದ ಹೀರೋ ಹೋಂಡಾ, ಎಸ್ಕಾರ್ಟ್ಸ್‌ನಿಂದ ಯಮಹಾ, ಆಕುರ್ಡಿಯಿಂದ ಕವಾಸಾಕಿ ಬಜಾಜ್ ಒಂದರ ಹಿಂದೊಂದು ಇಳಿದವು. ಇವುಗಳಲ್ಲಿ ಎರಡು ಗಾಡಿಗಳು ಮುಂಬೈಯ ಎರಡು ಮನೋಧರ್ಮಗಳಿಗೆ ಹೇಳಿ ಮಾಡಿಸಿದಂತಿದ್ದವು. 1985ರ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್. ಎಣ್ಣೆ ಬೆರೆಸುವ ರಗಳೆಯಿಲ್ಲ, ಒಂದು ಲೀಟರಿಗೆ 80 ಕಿಲೋಮೀಟರ್ ಎಂದು ಕಂಪನಿ ಸಾರುತ್ತಿತ್ತು, ಲೆಕ್ಕ ಬರೆದಿಡುವ ಗುಜರಾತಿ ವ್ಯಾಪಾರಿಯೂ ತಲೆದೂಗಿದ. ಅದೇ ವರ್ಷದ ಯಮಹಾ ಆರ್‌ಎಕ್ಸ್ 100 ತದ್ವಿರುದ್ಧ: 98 ಸಿಸಿ, 11 ಅಶ್ವಶಕ್ತಿ, ಸಿಗ್ನಲ್ ಬಿಟ್ಟ ಕ್ಷಣ ಎಲ್ಲರಿಗಿಂತ ಮುಂದೆ. ಅದರ ಸದ್ದು ಕೇಳಿಯೇ ಯಾವ ಗಲ್ಲಿಯ ಯಾವ ಹುಡುಗ ಎಂದು ಹೇಳುವವರಿದ್ದರು. 1996ರಲ್ಲಿ ಅದರ ತಯಾರಿ ನಿಂತಿತು. ಮೈಸೂರಿನ ಐಡಿಯಲ್ ಜಾವಾ ಬಾಗಿಲು ಮುಚ್ಚಿದ್ದೂ ಅದೇ ವರ್ಷ.

ಮುಂಬೈಯ ಮೊದಲ ಬೈಕು ಈಗ ಬೇರೆಯೇ ಕಾರಣಕ್ಕೆ ಮನೆಗೆ ಬರುತ್ತಿದೆ. ಡೌನ್ ಪೇಮೆಂಟ್ ಕಟ್ಟಿ, ಉಳಿದದ್ದು ಇಎಂಐ. ಮರುದಿನವೇ ಬೆನ್ನಿಗೆ ಊಟದ ಪೆಟ್ಟಿಗೆ ಹಾಕಿಕೊಂಡು ಡೆಲಿವರಿ ಕೆಲಸ. ಲೋಕಲ್ ರೈಲಿನಿಂದಾಗಿ ಹೊಟ್ಟೆಪಾಡಿಗೆ ಬೈಕು ಬೇಕಿಲ್ಲದಿದ್ದ ಊರಿನಲ್ಲಿ ಬೈಕೇ ಹೊಟ್ಟೆಪಾಡಾಯಿತು. ಇದೇ ಅವಧಿಯಲ್ಲಿ ನಗರ ತನ್ನ ಅತ್ಯುತ್ತಮ ರಸ್ತೆಗಳನ್ನು ಬೈಕಿಗೆ ಮುಚ್ಚುತ್ತ ಬಂತು. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಜೆಜೆ ಫ್ಲೈಓವರಿನ ಮೇಲೆ 2010ರಿಂದ ನಿಷೇಧ. 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೀ ಲಿಂಕ್, 2024ರ ಅಟಲ್ ಸೇತು, ಕೋಸ್ಟಲ್ ರೋಡ್ ಎಲ್ಲಕ್ಕೂ ಅದೇ ಫಲಕ. ಸುರಕ್ಷತೆಯ ಕಾರಣ ಹೇಳುತ್ತಾರೆ, ಅದರಲ್ಲಿ ಹುರುಳೂ ಇದೆ. ಆದರೆ ಕಾರಿನವನಿಗೆ ಸಮುದ್ರದ ಗಾಳಿ, ಬೈಕಿನವನಿಗೆ ಮಾಹಿಮಿನ ಟ್ರಾಫಿಕ್ಕು ಎಂದು ಹಂಚಿಕೆಯಾದದ್ದು ಕಣ್ಣಿಗೆ ಕಾಣುವ ಸಂಗತಿ.

ಜಾವಾದ ಕಥೆ ಮಾತ್ರ ಮುಂಬೈಗೇ ಮರಳಿತು. ಮಹೀಂದ್ರ ಬಂಡವಾಳ ಹೂಡಿದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ 2018ರ ನವೆಂಬರ್ 15ರಂದು ಮುಂಬೈಯಲ್ಲೇ ಹೊಸ ಜಾವಾ ಗಾಡಿಗಳನ್ನು ಹೊರತಂದಿತು. ಅದರ ಪಾಲುದಾರರಲ್ಲಿ ಒಬ್ಬರು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ. ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಯಾದವಗಿರಿಗೆ ಆ ಯೋಗವಿರಲಿಲ್ಲ. ಯೆಜ್ಡಿ ಎಂಬ ಹೆಸರು ಯಾರದು ಎಂಬ ಜಗಳ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಇದಾವುದನ್ನೂ ಲೆಕ್ಕಿಸದೆ ಜನ ಮುಗಿಬಿದ್ದರು. ಡಿಸೆಂಬರ್ ಕೊನೆಯ ಹೊತ್ತಿಗೆ ಆನ್‌ಲೈನ್ ಬುಕಿಂಗ್ ನಿಲ್ಲಿಸಬೇಕಾಯಿತು: ಮುಂದಿನ ಸೆಪ್ಟೆಂಬರ್ ತನಕದ ಗಾಡಿಗಳೆಲ್ಲ ಆಗಲೇ ಮಾರಾಟವಾಗಿದ್ದವು.