ಚಿಕ್ಕಲ್ಲೂರಿನ ಪಂತಿ

"ನಿಮ್ಮ ಮನೆದೇವರು ಯಾವುದು?"

ಬಸ್ಸಿನಲ್ಲಿ ಪಕ್ಕ ಕೂತವನು ಹೀಗೆ ಕೇಳಿದನೆಂದರೆ ಅವನಿಗೆ ಬೇಕಾಗಿರುವುದು ನಮ್ಮ ಜಾತಿ. ನೇರವಾಗಿ ಜಾತಿ ಕೇಳಲು ನಾಚಿಕೆಯಾದವರು ದೇವರನ್ನು ಕೇಳುತ್ತಾರೆ. ಆದರೆ ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯಲ್ಲಿ "ನಾವು ಸಿದ್ದಪ್ಪಾಜಿ ಒಕ್ಕಲು ಕಣಪ್ಪ" ಅಂದುಬಿಟ್ಟರೆ ಅವನ ಲೆಕ್ಕ ತಪ್ಪುತ್ತದೆ. ಹೊಲೆಯರು ಆ ಒಕ್ಕಲು, ಕುರುಬರು ಆ ಒಕ್ಕಲು, ಉಪ್ಪಾರರು, ಪರಿವಾರದವರು, ಗೌಡರು ಎಲ್ಲರಲ್ಲೂ ಆ ಒಕ್ಕಲು ಉಂಟು. ಇಷ್ಟು ಜಾತಿಗಳಿಗೆ ಒಂದೇ ಮನೆದೇವರು ಹೇಗಾಯಿತು?

ಸಿದ್ದಪ್ಪಾಜಿಯ ಗದ್ದುಗೆ ಇರುವುದು ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ. ಗುರು ಮಂಟೇಸ್ವಾಮಿಯ ಗದ್ದುಗೆ ಕಾವೇರಿಯ ಈಚೆ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಟಿಪ್ಪು ಮಡಿದ 1799ರ ನಂತರ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮತ್ತೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅಂದರೆ ಒಂದೂವರೆ ಶತಮಾನ ಗುರು ಒಂದು ಸರ್ಕಾರದಲ್ಲಿ, ಶಿಷ್ಯ ಇನ್ನೊಂದು ಸರ್ಕಾರದಲ್ಲಿ! ಒಕ್ಕಲಿನವರು ಆ ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಈ ಚರಿತ್ರೆ ಉಳಿದಿರುವುದು ನೀಲಗಾರರ ಬಾಯಲ್ಲಿ. ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುವ ಇವರಲ್ಲಿ ಬಹುಪಾಲು ಜನ ಅಕ್ಷರ ಕಾಣದವರಾಗಿದ್ದರು. ವಿದ್ವಾಂಸರು ಬಹಳ ಕಾಲ ಇದನ್ನು ಭಿಕ್ಷುಕರ ಹಾಡು ಅಂದುಕೊಂಡೇ ಕೂತಿದ್ದರು. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ದೊಡ್ಡ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಅಚ್ಚುಹಾಕಿತು. ಅಚ್ಚಾದ ಮೇಲೆ ಅದು 'ಮಹಾಕಾವ್ಯ'ವಾಯಿತು. ಹಾಡುತ್ತಿದ್ದವರಿಗೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ.

ಆ ಹಾಡಿನ ಮಂಟೇಸ್ವಾಮಿ ಕಲ್ಯಾಣಕ್ಕೆ ಹೇಗೆ ಬರುತ್ತಾನೆ ನೋಡಿ. ಮೈಯೆಲ್ಲ ಕುಷ್ಠ, ಸುತ್ತ ನೊಣ, ಹತ್ತಿರ ಸುಳಿಯಲಾಗದ ನಾತ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ದಿನಾ ಉಣ್ಣುವ ಆ ಪಟ್ಟಣದಲ್ಲಿ ಅವನಿಗೆ ಬಾಗಿಲಿಲ್ಲ. ಕೊನೆಗೆ ಬಸವಣ್ಣ, ನೀಲಮ್ಮ ಗುರುವನ್ನು ಹುಡುಕಿ ಹೋಗಬೇಕಾದದ್ದು ಎಲ್ಲಿಗೆ? ತಿಪ್ಪೆಗೆ. ಹೊಟ್ಟೆಗೆ ಸಿಕ್ಕಿದ್ದನ್ನೆಲ್ಲ ಉಂಡ ಜಂಗಮರು ಆ ನಾತಕ್ಕೆ ಮೂಗು ಮುಚ್ಚಿ ಓಡಿಹೋಗುತ್ತಾರೆ. ಹನ್ನೆರಡನೇ ಶತಮಾನದ ಶರಣರ ಬಗ್ಗೆ ನಮ್ಮ ಪಠ್ಯಗಳಲ್ಲಿ ಎಷ್ಟೋ ಪಾಠ ಓದಿದ್ದೇವೆ. ಆ ಚಳವಳಿಯನ್ನು ತಿಪ್ಪೆಯ ಮೇಲೆ ನಿಂತು ಪರೀಕ್ಷೆಗೆ ಹಚ್ಚಿದ ಪಾಠ ಇದೊಂದೇ. ಇದು ನಡೆಯಿತೇ, ನಡೆಯಲಿಲ್ಲವೇ ಎಂದು ಇಸವಿ ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಕಲ್ಯಾಣದಲ್ಲಿ ನಮ್ಮವರಿಗೆ ಏನು ಕಂಡಿತು ಎನ್ನುವುದಕ್ಕೆ ಇದು ಸಾಕ್ಷಿ, ಅಷ್ಟು ಸಾಕು.

ಅಲ್ಲಿಂದ ತೆಂಕಣಕ್ಕೆ ಬಂದ ಗುರು ನಿಡಘಟ್ಟದ ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಗನಾಗಿ ಬೇಡುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ತಿಪ್ಪೆಯ ಗುರುವಿಗೆ ಕುಲುಮೆಯ ಮನೆಯ ಮಗನನ್ನು ಕೊಡುವುದುಂಟೇ! ಆದರೂ ಹುಡುಗ ಗುರುವಿನ ಹಿಂದೆ ಹೋಗಿ ಸಿದ್ದಪ್ಪಾಜಿಯಾಗುತ್ತಾನೆ. ಮುಂದೆ ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷಕ್ಕೆ ಕಳಿಸುತ್ತಾನೆ. ಸ್ವಂತ ಕುಲದವರು ಕಬ್ಬಿಣ ಕೊಡದೆ, ಕಾದ ಕಬ್ಬಿಣ ಹಿಡಿಸಿ, ವಿಷ ಉಣಿಸಿ ಪರೀಕ್ಷೆ ಮಾಡುತ್ತಾರೆ. ಗೆದ್ದವನು ಕಡೆಗೆ ಚಿಕ್ಕಲ್ಲೂರಲ್ಲಿ ನೆಲೆಯಾಗುತ್ತಾನೆ. ಈ ಕಥೆಯಲ್ಲಿ ಕುಲ ಬಿಟ್ಟವನೇ ಕುಲದೇವರು. ಹತ್ತು ಜಾತಿಯವರು ಅವನ ಒಕ್ಕಲಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ತೋಚುವುದಿಲ್ಲ.

ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಯಿಂದ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರಿನಲ್ಲಿ ಕಟ್ಟಿ, ಬಟ್ಟೆ ಸುತ್ತಿ, ಎಣ್ಣೆ ಹಾಕಿ ಉರಿಸುತ್ತಾರೆ. ಬೇಕಾದ ಸಾಮಾನನ್ನು ಸುತ್ತಲ ಹಳ್ಳಿಗಳ ಬೇರೆ ಬೇರೆ ಜಾತಿಯವರು ತರಬೇಕು, ಬೊಪ್ಪೇಗೌಡನಪುರದ ಬುದ್ಧಿಯವರು ಬಂದು ಬೆಂಕಿ ಮುಟ್ಟಿಸಬೇಕು. ಉರಿ ಯಾವ ದಿಕ್ಕಿಗೆ ಜೋರೋ ಆ ದಿಕ್ಕಿಗೆ ಮಳೆಬೆಳೆ ಜೋರು ಎಂದು ನಂಬಿಕೆ. ರೈತರು ತಾವು ಬೆಳೆದ ದವಸ ಎರಚುತ್ತಾರೆ.

ನಾಲ್ಕನೇ ದಿನದ್ದು ಪಂಕ್ತಿಸೇವೆ. ನಮ್ಮ ಬಾಯಲ್ಲಿ ಅದು 'ಪಂತಿ'. ಬಿಡಾರಗಳಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಮರಿಯನ್ನೋ ಕೋಳಿಯನ್ನೋ ಕುಯ್ದು, ಮುದ್ದೆ, ಅನ್ನ, ಬಾಡಿನ ಎಸರು ಮಾಡಿ ನೆಂಟರಿಷ್ಟರನ್ನು ಸಾಲಾಗಿ ಕೂರಿಸಿ ಇಕ್ಕುತ್ತಾರೆ. ದಾರಿಹೋಕನನ್ನೂ "ಬಾರಪ್ಪ, ಕೂತ್ಕೊ" ಅನ್ನುತ್ತಾರೆ. ಪಂಕ್ತಿ ಅನ್ನುವ ಮಾತು ಅಗ್ರಹಾರದಲ್ಲಿ ಯಾವುದಕ್ಕೆ ಬಳಕೆಯಾಯಿತು, ಗೊತ್ತಲ್ಲ? ಯಾರ ಜೊತೆ ಯಾರು ಕೂರಬಾರದು ಎಂದು ಹೇಳುವುದಕ್ಕೆ. ಅದೇ ಮಾತನ್ನು ನಮ್ಮ ಹಿರೀಕರು ಕೂರಿಸುವುದಕ್ಕೆ ಬಳಸಿದರು.

ಈ ಪಂತಿಯ ಮೇಲೇ ಕಣ್ಣು ಬಿದ್ದದ್ದು. ಪ್ರಾಣಿಬಲಿ ತಡೆಯುವ ಕಾಯಿದೆ 1959ರದ್ದು. ಅದನ್ನೇ ಮುಂದಿಟ್ಟುಕೊಂಡು 2017ರ ಜಾತ್ರೆಯ ಹೊತ್ತಿಗೆ ಆಡಳಿತ ನಿಷೇಧ ಬಿಗಿ ಮಾಡಿತು. ಒಕ್ಕಲಿನವರ ಮಾತು ನೇರವಾಗಿತ್ತು: ಗದ್ದುಗೆಯ ಮುಂದೆ ನಾವು ಏನನ್ನೂ ಕಡಿಯುವುದಿಲ್ಲ, ಸಿದ್ದಪ್ಪಾಜಿಗೆ ರಕ್ತ ಕೊಡುವುದಿಲ್ಲ, ನಮ್ಮ ಬಿಡಾರದಲ್ಲಿ ನಮ್ಮ ಊಟ ಮಾಡಿ ಉಣ್ಣುತ್ತೇವೆ. ಊಟ ಬಲಿಯಾದದ್ದು ಯಾವಾಗ? ಕುಕ್ಕೆಯಲ್ಲಿ ಬ್ರಾಹ್ಮಣರ ಎಂಜಲೆಲೆಯ ಮೇಲೆ ಉರುಳುವುದು 'ಸಂಪ್ರದಾಯ' ಎಂದು 2010ರ ದಶಕದಲ್ಲಿ ವರ್ಷಗಟ್ಟಲೆ ವಾದ ಮಾಡಿದವರಿದ್ದ ನಾಡು ಇದು. ಎಲೆ ಹಾಸಿ ಒಟ್ಟಿಗೆ ಉಣ್ಣುವುದು ಮಾತ್ರ ಇಲ್ಲಿ ಅಪರಾಧದ ಲೆಕ್ಕಕ್ಕೆ ಬಂತು.

ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ: ಬಂಡಾಯದವನಾಗಿ ಜಾತ್ರೆ ಹೊಗಳುತ್ತೀಯಲ್ಲಯ್ಯ? ಸರಿಯಾದ ಪ್ರಶ್ನೆಯೇ. ತಿಪ್ಪೆಯ ಗುರುವಿನ ಮಠದ ಅಧಿಕಾರ ತಲೆತಲಾಂತರದಿಂದ ಅರಸು ಮನೆತನದ್ದು. ಹಾಡುವ ಹೊಲೆಯರ ನೀಲಗಾರ ಹಾಡುವ ಕಡೆಯೇ ಉಳಿದ. ಚಿಕ್ಕಂದಿನಲ್ಲಿ ನಮ್ಮ ಬಿಡಾರಕ್ಕೆ ಬಂದು ಅವ್ವ ಇಕ್ಕಿದ್ದನ್ನು ಹೊಟ್ಟೆ ತುಂಬ ಉಂಡ ಗೌಡರೊಬ್ಬರು, ಊರಿಗೆ ಬಂದ ಮೇಲೆ ನಮ್ಮ ಜಗಲಿ ಹತ್ತಲಿಲ್ಲ. "ಅದ್ಯಾಕವ್ವ?" ಅಂದೆ. "ಅದು ಅಪ್ಪಾಜಿ ನೆಲ ಕಣ್ಲಾ, ಇದು ಊರು" ಅಂದಳು. ಐದು ದಿನದ ಸಮಾನತೆ ಆರನೇ ದಿನಕ್ಕೆ ಮುಗಿಯುತ್ತಿತ್ತು. ಆ ಐದು ದಿನವನ್ನು ಮುನ್ನೂರ ಅರವತ್ತೈದಕ್ಕೆ ಎಳೆಯಿರಿ ಎಂದು ಸರ್ಕಾರವನ್ನು ಕೇಳಬೇಕಾದ ನಾವು, ಐದನ್ನಾದರೂ ಬಿಡಿ ಎಂದು ಅರ್ಜಿ ಬರೆಯುವ ಹಾಗಾಯಿತು.

ನಿಷೇಧದ ಒಂದು ವರ್ಷ ದಾರಿಯ ತಪಾಸಣೆಯಲ್ಲಿ ಪೊಲೀಸರು ನಮ್ಮ ಚಿಕ್ಕಮ್ಮನ ಚೀಲ ಬಿಚ್ಚಿಸಿದರು. ಹಿಟ್ಟು, ಮೆಣಸಿನಪುಡಿ, ಈರುಳ್ಳಿ, ಅರೆಯುವ ಗುಂಡು. "ಕೋಳಿ ಎಲ್ಲಿ?" ಅಂದರು. "ಬುದ್ಧೀ, ನಾನು ಎಸರಿಗೆ ಸಾಮಾನು ತಂದಿವ್ನಿ, ಕೋಳಿ ತರೋಳು ನಮ್ಮಕ್ಕ, ಅವಳು ಹಿಂದ್ಗಡೆ ಬಸ್ನಾಗವ್ಳೆ" ಅಂದಳು. ಅವರು ಹಿಂದಿನ ಬಸ್ಸಿಗಾಗಿ ಕಾಯುತ್ತ ನಿಂತರು. ನಮಗೆ ಅಂಥ ದೊಡ್ಡಮ್ಮ ಯಾರೂ ಇರಲಿಲ್ಲ. ಕೋಳಿ ಹಿಂದಿನ ರಾತ್ರಿಯೇ ಬಿಡಾರ ಸೇರಿತ್ತು.